ಹಿಮದ ಸುದ್ದಿ ಇಲ್ಲದ ಮೇಲ್

ಅಪ್ಪಾ,

ಡ್ಯೂಟಿಗೆ ಹೊರಟೆ. ಪಿರೋಗಿ ಕಡುಬು ಫ್ರೀಜರಿನಲ್ಲಿದೆ, ಬೇಯಿಸಿಕೊಂಡು ತಿನ್ನು.

ಅಮ್ಮನ ಹೆಸರಲ್ಲಿ ಬಂದಿರೋ ಮೇಲ್ ನೋಡಿದೆ. ತೀರಿಹೋದವಳು ಗಿಫ್ಟ್ ಕಾರ್ಡ್ ಕೇಳ್ತಾಳಾ? ಯಾರೋ ಕಳ್ಳರ ಕೆಲಸ ಅದು. ಅದರಲ್ಲಿರೋ ಲಿಂಕ್ ಒತ್ತಬೇಡ, ಕಾರ್ಡ್ ತರೋಕೆ ಅಂಗಡಿಗೂ ಹೋಗಬೇಡ.

ಹಿಮ ಎಷ್ಟು ಬಿದ್ದಿದೆ ಅಂತ ಹೇಳದೆ ಅಮ್ಮ ಯಾವತ್ತಾದ್ರೂ ಮೇಲ್ ಶುರು ಮಾಡಿದ್ದುಂಟಾ? ಇದರಲ್ಲಿ ಆ ಸುದ್ದಿನೇ ಇಲ್ಲ. ಮೇಲಾಗಿ ನಿನ್ನನ್ನ ‘ಪ್ರಿಯರೇ’ ಅಂತ ಕರೆಯೋದಂತೆ! ಅಷ್ಟರಲ್ಲೇ ಗೊತ್ತಾಗಬಾರದಾ?

ಬೈಯೋಣ ಅಂತಲೇ ಈ ಚೀಟಿ ಶುರು ಮಾಡಿದ್ದು. ಆದ್ರೆ ನೀನು ಕಳಿಸಿರೋ ಉತ್ತರ ಓದಿಬಿಟ್ಟೆ: “ಇಲ್ಲಿ ಮೊಣಕಾಲುದ್ದ ಹಿಮ. ನಿನ್ನ ಕಡೆ ಹೇಗಿದೆ?”

ಇನ್ಮೇಲೆ ಅವರಿಗೆ ಬರೀಬೇಡಪ್ಪಾ. ಹಿಮ ಎಷ್ಟು ಬಿದ್ದಿದೆ ಅಂತ ಸಂಜೆ ನಾನು ಬಂದ ಮೇಲೆ ನನಗೆ ಹೇಳು. ಆ ಹಿಮದಲ್ಲೇ ಗಾಡಿ ಓಡಿಸ್ಕೊಂಡು ಬಂದಿರ್ತೀನಿ, ಆದ್ರೂ ಕೂತು ಕೇಳ್ತೀನಿ.

ಮಾರ್ನಿ