ಮೊದಲನೆಯವಳು ಯಾರೆಂದು ನಿಮಗೆ ಗೊತ್ತು, ಅಧ್ಯಕ್ಷರೇ

ಮಾನ್ಯ ಕ್ಲಬ್ ಅಧ್ಯಕ್ಷರೇ,

ಶನಿವಾರದ ಬ್ಯಾನರಿನ ಮೇಲೆ ಅಂಟಿಸಲೆಂದು ತಾವು ಕಳಿಸಿದ ಬರಹ ತಲುಪಿದೆ: 'ಬ್ರೈನಿ ಪೆನ್‌ರೋಸ್ - ಈ ಮೈದಾನದಲ್ಲಿ ಫುಟ್‌ಬಾಲ್ ಆಡಿದ ಮೊದಲ ಹೆಣ್ಣು.' ಇದನ್ನು ನಾನು ಅಂಟಿಸುವುದಿಲ್ಲ. ನೂರನೆಯ ಆಟ, ಇನ್ನೂರನೆಯ ಆಟ ಎಂದು ನಿಮ್ಮ ಗಂಡಸರು ಹರಿದುಕೊಂಡು ಓಡುವ ಬಣ್ಣದ ಕಾಗದದ ಬ್ಯಾನರುಗಳನ್ನು ಮೂವತ್ತೊಂದು ವರ್ಷಗಳಿಂದ ಕ್ಲಬ್ಬಿನ ನೆಲದ ಮೇಲೆ ಮಂಡಿಯೂರಿ ಅಂಟಿಸಿದವಳು ನಾನು. ಎರಡು ದಿನದ ಕೆಲಸ, ಎರಡು ಕ್ಷಣದಲ್ಲಿ ಚಿಂದಿ. ಒಮ್ಮೆಯೂ ಗೊಣಗಿಲ್ಲ. ಆದರೆ ಸುಳ್ಳನ್ನು ಹಿಡಿದು ನಿಲ್ಲಿಸುವಷ್ಟು ಅಂಟು ನನ್ನ ಗೋಂದಿನಲ್ಲಿಲ್ಲ.

ಗ್ಲೆನಿಸ್‌ಗೆ ಹೊಟ್ಟೆಕಿಚ್ಚು ಎಂದು ಊರು ನನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಅದು ನಿಜ. ಹತ್ತೊಂಬತ್ತು ವರ್ಷಕ್ಕೆ ನಗರದ ಮಹಿಳಾ ತಂಡ ಬ್ರೈನಿಯನ್ನು ಆರಿಸಿದಾಗ ಊರೆಲ್ಲ ಕಾರಿನ ಹಾರನ್ ಬಾರಿಸಿತು. ನಾನು ಬಾಗಿಲು ಹಾಕಿಕೊಂಡು ಬಟ್ಟೆ ಇಸ್ತ್ರಿ ಮಾಡಿದೆ. ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಅಭ್ಯಾಸಕ್ಕೆ ಓಡುತ್ತಿದ್ದಳಂತೆ, ಪಾಪ. ಆ ಪಾಪವೂ ನನಗೆ ಬೇಕಿತ್ತು. ಎಂಟು ಋತು ಆಡಿದಳು, ಎರಡು ಸಲ ಮೊಣಕಾಲು ಕೊಯ್ಯಿಸಿಕೊಂಡಳು. ಮೊದಲ ಸಲ ಮೊಣಕಾಲು ಹಿಡಿದು ಬಿದ್ದದ್ದನ್ನು ಟೀವಿಯಲ್ಲಿ ನೋಡಿದಾಗ ನನಗೆ ಒಂದು ಕ್ಷಣ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ. ಮರುದಿನ ಅವಳ ತಾಯಿಯ ಮನೆಗೆ ಒಂದು ಡಜನ್ ಮಾಂಸದ ಪೇಸ್ಟಿ ಕಡುಬು ಬೇಯಿಸಿ ಕೊಟ್ಟು ಬಂದೆ. ಅವಳ ಮೊಣಕಾಲಿನ ಹೊಲಿಗೆಯ ಗುರುತನ್ನು ಮಕ್ಕಳು ಮುಟ್ಟಿ ನೋಡುತ್ತಾರೆ. ನನ್ನ ಮಂಡಿಗಳು ನಿಮ್ಮ ಕ್ಲಬ್ಬಿನ ನೆಲಕ್ಕೆ ತಿಕ್ಕಿ ಸವೆದವು, ಅವನ್ನು ಯಾರು ಮುಟ್ಟಿ ನೋಡಬೇಕು?

ಈಗ ಅವಳು ನಗರದ ಆಟಕ್ಕೆ ವಿದಾಯ ಹೇಳಿ, ಕಡೆಯದಾಗಿ ಒಂದು ಆಟ ಆಡಲು ಊರಿಗೆ ಬಂದಿದ್ದಾಳೆ. ಮೊನ್ನೆ ಕ್ಯಾಂಟೀನಿನ ಕಿಟಕಿಗೆ ಮೊಣಕೈ ಊರಿ, "ಗ್ಲೆನ್ ಆಂಟೀ, ನೀವೂ ಯಾವತ್ತಾದ್ರೂ ಆಡಿದ್ರಾ?" ಎಂದು ಕೇಳಿದಳು.

"ನಮ್ ಕಾಲದಲ್ಲಿ ಹುಡ್ಗೀರು ಆಟದ ಮಧ್ಯೆ ಕೊಡೋಕೆ ಕಿತ್ತಳೆ ಹೆಚ್ತಿದ್ರು ಕಣೇ."

"ಅಯ್ಯೋ, ನನ್ ಕೈಲಿ ಅದೊಂದು ಆಗ್ತಿರ್ಲಿಲ್ಲ ಬಿಡಿ!" ಎಂದು ನಕ್ಕಳು. ಒಳ್ಳೆಯ ಹುಡುಗಿ. ಒಳ್ಳೆಯವಳಾಗಿರುವುದೇ ನನಗೆ ಇನ್ನೂ ಉರಿಯುವ ವಿಷಯ.

ಅಧ್ಯಕ್ಷರೇ, ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಹದಿನಾಲ್ಕರೊಳಗಿನ ಹುಡುಗರ ಫೈನಲ್ ದಿನ ನನ್ನ ಅವಳಿ ಅಣ್ಣ ಡೆನ್ಜಿಲ್‌ಗೆ ಮಂಗನಬಾವು ಬಂದಿತ್ತು. ಆಡಲು ಒಬ್ಬ ಕಡಿಮೆ. ಕೋಚ್ ನಮ್ಮ ಅಡುಗೆಮನೆಯಲ್ಲಿ ನಿಂತು ನನ್ನ ಮುಖ ನೋಡಿದರು, ಅಮ್ಮ ಕತ್ತರಿ ತೆಗೆದುಕೊಂಡಳು. ಕೂದಲು ನೆಲಕ್ಕೆ ಬೀಳುತ್ತಿರುವಾಗ ಅವಳು ಹೇಳಿದ್ದು ಒಂದೇ ಮಾತು: "ಗೋಲ್ ಹೊಡ್ದ್ರೆ ಕುಣೀಬೇಡ. ಡೆನ್ಜಿಲ್ ಕುಣಿಯಲ್ಲ."

ಡೆನ್ಜಿಲ್‌ನ ಇಪ್ಪತ್ತಮೂರನೇ ನಂಬರಿನ ಅಂಗಿ ತೊಟ್ಟು ನಾಲ್ಕು ಗೋಲು ಹೊಡೆದೆ. ನಾಲ್ಕು ಸಲವೂ ಕುಣಿಯಲಿಲ್ಲ. ಕಪ್ ನಮ್ಮದಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ; ಕೆಸರಾದದ್ದು ನನ್ನ ಕೈ, ಮೊಸರು ಹೋದದ್ದು ಡೆನ್ಜಿಲ್‌ನ ಬಾಯಿಗೆ. 'ಫೈನಲಿನ ಅತ್ಯುತ್ತಮ ಆಟಗಾರ' ಎಂದು ಕ್ಲಬ್ಬಿನ ಹಲಗೆಯ ಮೇಲೆ ಇವತ್ತಿಗೂ ಇರುವುದು ಅವನ ಹೆಸರು. ಪಬ್ಬಿನಲ್ಲಿ ಆ ಗೋಲುಗಳ ಕತೆಯನ್ನು ಅವನೇ ಹೇಳುತ್ತಾನೆ, ವರ್ಷಕ್ಕೆ ಒಂದು ಗಜ ಹೆಚ್ಚು ದೂರದಿಂದ ಹೊಡೆಯುತ್ತಾನೆ. ಮುಂದಿನ ವಾರ ನಾನು ಕಿತ್ತಳೆ ಹೆಚ್ಚಲು ಹೋದೆ. ಅಲ್ಲಿಗೆ ನನ್ನ ಆಟದ ಬದುಕು ಮುಗಿಯಿತು. ಬ್ರೈನಿಗೆ ಎಂಟು ಋತು, ನನಗೆ ಒಂದು ಮಧ್ಯಾಹ್ನ.

ಇದಕ್ಕೆ ಸಾಕ್ಷಿ ಯಾರು ಎನ್ನುತ್ತೀರಾ? ಚೆಂಡನ್ನು ಕೈಯಲ್ಲೂ ಹಿಡಿದು ಓಡುವ ನಮ್ಮ ಈ ಫುಟ್‌ಬಾಲಿನಲ್ಲಿ, ಆ ನಾಲ್ಕನೆಯ ಗೋಲಿಗೆ ಚೆಂಡು ನನ್ನ ಕೈಗಿಟ್ಟ, ಮುಂದಿನ ಎರಡು ಹಲ್ಲು ಇಲ್ಲದ ಹುಡುಗನೇ ಸಾಕ್ಷಿ. ಅವನು ಈಗ ಹಲ್ಲು ಕಟ್ಟಿಸಿಕೊಂಡು ಕ್ಲಬ್ಬಿನ ಅಧ್ಯಕ್ಷನಾಗಿದ್ದಾನೆ. ಸೋಮವಾರ ಅವನಿಗೆ ಫೋನ್ ಮಾಡಿದೆ.

"ಅಯ್ಯೋ ಗ್ಲೆನ್, ಹಳೇ ಕತೆ ಬಿಡು. ಯಾರಿಗ್ ನೆನಪಿದೆ?"

"ನಿಂಗಿದೆ."

ಆಮೇಲೆ ಸಣ್ಣ ದನಿಯಲ್ಲಿ, "ಲೀಗ್‌ನವ್ರಿಗೆ ಗೊತ್ತಾದ್ರೆ ಆ ಕಪ್ ವಾಪಸ್ ಕಿತ್ಕೋತಾರೆ ಕಣೇ. ನಾನ್ ಗೆದ್ದಿದ್ದು ಅದೊಂದೇ" ಎಂದ.

ಅಲ್ಲಾ ಸ್ವಾಮಿ, ನಲವತ್ತು ವರ್ಷ ತಮ್ಮ ಬೀರುವಿನಲ್ಲಿ ಆ ಕಪ್ ಹೊಳೆಯಲೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ಸಾಲದೆ, ನಾನು ಹುಟ್ಟೇ ಇರಲಿಲ್ಲವೆಂದು ನನ್ನ ಕೈಯಿಂದಲೇ ಬರೆಸಬೇಕೆ? ಗೆದ್ದದ್ದು ಅದೊಂದೇ ಎನ್ನುತ್ತೀರಿ. ನನಗೂ ಅದೊಂದೇ ಅಲ್ಲವೇ?

ಬ್ರೈನಿಗೆ ಸಿಕ್ಕಿದ್ದನ್ನು ನಾನು ಕೇಳುತ್ತಿಲ್ಲ. ಕೇಳಿದರೂ ಈ ಐವತ್ತಮೂರರಲ್ಲಿ ಯಾರು ಕೊಡುತ್ತಾರೆ? ನನ್ನ ಬೇಡಿಕೆ ಇಷ್ಟೇ: ಶನಿವಾರ ಆಟ ಶುರುವಾಗುವ ಮೊದಲು ತಾವು ಮೈಕಿನ ಮುಂದೆ ನಿಂತು, ಆ ದಿನ ಚೆಂಡನ್ನು ಯಾರ ಕೈಗೆ ಇಟ್ಟಿರಿ ಎಂದು ಹೆಸರು ಹಿಡಿದು ಹೇಳಬೇಕು. ಕಪ್ ಹೋದರೆ ಹೋಗಲಿ, ಅದರಲ್ಲಿ ನನ್ನ ನಾಲ್ಕು ಗೋಲಿವೆ, ಕಳೆಯುವ ಹಕ್ಕೂ ನನಗಿದೆ.

ಬ್ಯಾನರ್ ಸಿದ್ಧವಾಗಿದೆ. ಬ್ರೈನಿಯ ಹೆಸರನ್ನು ಹಿಂದೆಂದೂ ಅಂಟಿಸದಷ್ಟು ದೊಡ್ಡದಾಗಿ ಅಂಟಿಸಿದ್ದೇನೆ, ಅದು ಅವಳಿಗೆ ಸಲ್ಲಬೇಕು. ಒಂದು ಪದದ ಜಾಗ ಮಾತ್ರ ಖಾಲಿ ಇದೆ. ಅಲ್ಲಿಗೆ 'ಎರಡನೆಯ' ಎಂದು ಕತ್ತರಿಸಿಟ್ಟಿದ್ದೇನೆ. ತಮ್ಮ ಮಾತು ಕೇಳಿದ ಮೇಲೆ ಅಂಟಿಸುತ್ತೇನೆ. ಮತ್ತೆ, ಆ ಕಾಗದ ಹರಿದುಕೊಂಡು ಓಡುವಾಗ ಅವಳ ಪಕ್ಕದಲ್ಲಿ ಇನ್ನೊಬ್ಬಳಿಗೆ ಜಾಗ ಬಿಡಲು ಹೇಳಿ. ಈ ಸಲ ನಾನು ಕುಣಿಯುತ್ತೇನೆ.

ಇಂತಿ,
ಒಂದು ಮಧ್ಯಾಹ್ನದ ಮಟ್ಟಿಗೆ ಡೆನ್ಜಿಲ್ ಆಗಿದ್ದ
ಗ್ಲೆನಿಸ್ ಟ್ರೆಗೆನ್ಸಾ
ಅಂಗಿ ನಂಬರ್ ಇಪ್ಪತ್ತಮೂರು