ರೇವತಿ ಬಡಿಗೇರರ ಆಜ್ಞೆಪುಸ್ತಕ ಮತ್ತು ನನ್ನ ಹೊಟ್ಟೆಕಿಚ್ಚು

ಕೊಪ್ಪಳ
ಕ್ರಿ.ಶ. 2431, ಹದಿಮೂರನೆಯ ತಿಂಗಳ ಇಪ್ಪತ್ತೊಂಬತ್ತು

ಶ್ರೀಮತಿ ರೇವತಿ ಬಡಿಗೇರ ಅವರಿಗೆ ಇಂದುಧರ ಕಲಕೇರಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ವರ್ಷಕ್ಕೆ ಹದಿಮೂರು ತಿಂಗಳು. ಲೆಕ್ಕಕ್ಕೆ ಮಿಕ್ಕಿ, ಕೊನೆಯ ತಿಂಗಳಿಗೆ ಅಂಟಿಸಿದ ಈ ಒಂದು ದಿನಕ್ಕೆ ‘ಉಳಿಕೆ ದಿನ’ ಎಂದು ಹೆಸರು. ಇಂದು ಕೆಲಸವಿಲ್ಲ, ಹೊಟ್ಟೆಕಿಚ್ಚು ಪಡಲು ಬಿಡುವಿದೆ. ನನ್ನ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ನೋಟ್‌ಬುಕ್ಕಿನಿಂದಲೇ. ಕಿಚ್ಚಿಗೆ ಅದೂ ಒಂದು ಸೌದೆ.

ಡೇಟಾಬೇಸ್ ನೋಡಿಕೊಳ್ಳುವಾಗ ಕೈಗೆ ಸಿಗಲೆಂದು ನೀವು ಬರೆದಿಟ್ಟ ನೂರಾ ಹನ್ನೆರಡು ಪುಟಗಳು ನಮ್ಮ ನೀರುಪಾಳಿ ಕಚೇರಿಯಲ್ಲಿವೆ. ಡಿಸ್ಕ್ ತುಂಬಿದರೆ ಯಾವ ಆಜ್ಞೆ, ದೊಡ್ಡ ಫೈಲು ಹುಡುಕಲು ಯಾವುದು, ನಕಲು ತೆಗೆಯಲು ಆಜ್ಞೆಗಳನ್ನು ಪೋಣಿಸಿದ ಸ್ಕ್ರಿಪ್ಟ್ ಹೇಗೆ, ಎಲ್ಲವೂ. ಇಪ್ಪತ್ತನೆಯ ಪುಟದಲ್ಲಿ ನಿಮ್ಮ ಚಹಾ ಲೋಟದ ಗುರುತಿದೆ. ಅದನ್ನು ಗಾಜು ಹಾಕಿ ಕಾಪಾಡಿದ್ದಾರೆ. ನನ್ನ ಲೋಟದ ಗುರುತನ್ನು ದಿನಾ ಒರೆಸುತ್ತಾರೆ.

ನಮ್ಮ ಉಳಿದ ಯಂತ್ರಗಳೆಲ್ಲ ‘ಸಲುಗೆಯಂತ್ರ’ಗಳು. ಏನಾದರೂ ಅಳಿಸು ಎಂದರೆ “ಯಾಕೆ, ಮನಸ್ಸಿಗೆ ಬೇಜಾರೆ? ಊಟ ಆಯಿತೆ?” ಎಂದು ವಿಚಾರಿಸಿಕೊಳ್ಳುತ್ತವೆ. ಹನ್ನೊಂದು ಸಾವಿರ ಮನೆಗಳ ನೀರಿನ ಪಾಳಿಪಟ್ಟಿ ಮಾತ್ರ ನಿಮ್ಮ ಕಾಲದ ರೀತಿಯ ‘ಮೌನಿ’ಯಲ್ಲಿದೆ. ಕಪ್ಪು ಪರದೆ. ಕೆಲಸ ಸರಿಯಾದರೆ ಚಕಾರವೆತ್ತುವುದಿಲ್ಲ, ತಪ್ಪಾದರಷ್ಟೇ ಒಂದು ಸಾಲು ಗೊಣಗುತ್ತದೆ. ಒಂದು ಸಾಲು ಬರೆದರೆ ತಲೆಬಾಗುವ ಅಂಥ ಯಂತ್ರಗಳು ನಿಮಗೆ ಸಾಲುಸಾಲಾಗಿದ್ದವಂತೆ. ನನ್ನ ಮಾತಿಗೆ ಮನೆಯ ಬಾಗಿಲೂ ಒಂದೇ ಸಲಕ್ಕೆ ತೆರೆದುಕೊಳ್ಳುವುದಿಲ್ಲ.

ಇಲ್ಲಿ ಮೌನಿಯ ಮುಖ್ಯಸ್ಥ ನಾನು. ಆದರೂ ನಾನೇನು ಬರೆದರೂ ಜೊತೆಗಾರ್ತಿ ನೀಲವ್ವ ಹೂಗಾರ ಇಣುಕಿ ನೋಡಿ, “ಕಲಕೇರಿ ಸರ, ಬಡಿಗೇರ ಅಕ್ಕಾರು ಹಂಗ ಬರ್ದಿಲ್ಲಲ್ರೀ?” ಎನ್ನುತ್ತಾಳೆ. ನಾನೂರು ವರ್ಷ ಹಿಂದಿನ ಅಕ್ಕಾರು! ಹದಿನಾರು ವರ್ಷ ಕೇಳಿದೆ. ಕಳೆದ ತಿಂಗಳು ತಡೆಯಲಾಗದೆ, ನಿಮ್ಮ ಸ್ಕ್ರಿಪ್ಟುಗಳನ್ನೆಲ್ಲ ನಕಲಿಸಿ, ಅವುಗಳಲ್ಲಿ ‘ರೇವತಿ’ ಎಂದಿದ್ದಲ್ಲೆಲ್ಲ ಒಂದೇ ಆಜ್ಞೆಯಿಂದ ‘ಇಂದುಧರ’ ಎಂದು ಮಾಡಿದೆ. ಆ ಆಜ್ಞೆಯೂ ನಿಮ್ಮದೇ, ಒಂಬತ್ತನೆಯ ಪುಟ. ನಿಮ್ಮದಕ್ಕಿಂತ ಚೊಕ್ಕವಾಗಿ ಕಾಣಲೆಂದು, ಮೌನಿಯ ಗೊಣಗಾಟವನ್ನು ಶೂನ್ಯಕ್ಕೆ ಎಸೆಯುವ ಸಾಲೊಂದನ್ನು ನಾನೇ ಸೇರಿಸಿದೆ. ‘ನಕಲು ಆಯಿತೆಂದು ನಂಬಬೇಡಿ, ತೆರೆದು ನೋಡಿ’ ಎಂಬ ನಿಮ್ಮ ಟಿಪ್ಪಣಿಯನ್ನು ಹೊಡೆದುಹಾಕಿದೆ. ನನಗೇ ಪಾಠವೆ?

ಪಾಳಿಪಟ್ಟಿಯ ನಕಲು ದಿನವೂ ಹೋಗಿ ಬೀಳುತ್ತಿದ್ದುದು ‘ರೇವತಿ’ ಎಂಬ ಫೋಲ್ಡರಿಗೆ. ಹೆಸರು ಬದಲಾದ ಮೇಲೆ ಅದು ಹೋಗಬೇಕಿದ್ದ ‘ಇಂದುಧರ’ ಎಂಬ ಫೋಲ್ಡರೇ ಇರಲಿಲ್ಲ. ಮೌನಿ ದಿನವೂ ಗೊಣಗಿದೆ, ನಾನು ಕೇಳಿಸದಂತೆ ಮಾಡಿದ್ದೆ. ಈ ತಿಂಗಳ ಇಪ್ಪತ್ತಾರರಂದು ಡಿಸ್ಕ್ ಸತ್ತಿತು. ಬೆಳಿಗ್ಗೆ ಹತ್ತಕ್ಕೆಲ್ಲ ಕಚೇರಿಯ ಮುಂದೆ ಖಾಲಿ ಕೊಡಗಳು. “ಇವತ್ತಿನ ಪಾಳಿ ನಮ್ಮನಿದು!” “ಯಾರ್ ಹೇಳಿದ್ರು ನಿನಗ? ಪಟ್ಟಿ ತೋರ್ಸು!” ತೋರಿಸಲು ನನ್ನ ಬಳಿ ಚೊಕ್ಕವಾದ ಸ್ಕ್ರಿಪ್ಟ್ ಮಾತ್ರ ಇತ್ತು.

ನೀಲವ್ವ ಸದ್ದಿಲ್ಲದೆ ಇನ್ನೊಂದು ಡಿಸ್ಕ್ ತಂದಿಟ್ಟಳು. ಅದರಲ್ಲಿ ‘ರೇವತಿ’ ಫೋಲ್ಡರು, ಹಿಂದಿನ ದಿನದವರೆಗಿನ ಪಟ್ಟಿ. “ಅಕ್ಕಾರ ಸ್ಕ್ರಿಪ್ಟನ್ನೂ ದಿನಾ ಓಡಸ್ತಿದ್ನ್ರೀ ಸರ. ನಿಮ್ಮ ಮ್ಯಾಲ ನಂಬಿಕಿ ಇಲ್ಲಂತಲ್ಲ…” ಎಂದವಳು ಸ್ವಲ್ಪ ಯೋಚಿಸಿ, “ನಂಬಿಕಿ ಇಲ್ಲ ಬಿಡ್ರೀ, ಅದಕ್ಕ” ಎಂದಳು. ಮಧ್ಯಾಹ್ನಕ್ಕೆ ಕೊಡಗಳು ತುಂಬಿದವು. ಎಲ್ಲರೂ ನಿಮ್ಮನ್ನು ಹೊಗಳುತ್ತಾ ಹೋದರು. ನಾನೂ ಹೊಗಳಿದೆ, ಹಲ್ಲು ಕಚ್ಚಿಕೊಂಡು. ಹೊಡೆದುಹಾಕಿದ ಟಿಪ್ಪಣಿಯನ್ನು ನನ್ನ ಕೈಯಾರೆ ಮತ್ತೆ ಬರೆದಿದ್ದೇನೆ, ನಿಮ್ಮ ಹೆಸರಿನೊಂದಿಗೆ.

ಈಗ ಒಂದು ಕೋರಿಕೆ. ಈ ಪತ್ರ ಹೇಗೋ ಹಿಂದಕ್ಕೆ ನಿಮ್ಮ ಕಾಲಕ್ಕೆ ತಲುಪಿದರೆ, ಆಗ ನೀವಿನ್ನೂ ಬರೆಯುತ್ತಿರಬಹುದು ಎಂಬ ಆಸೆಯಿಂದ ಕೇಳುತ್ತಿದ್ದೇನೆ. ಆ ನೂರಾ ಹನ್ನೆರಡು ಪುಟಗಳಲ್ಲಿ ಒಂದೇ ಒಂದು ತಪ್ಪು ಬಿಡಿ ತಾಯಿ. ನಕಲಿನ ಪುಟದಲ್ಲಿ ಬೇಡ, ಅಳಿಸುವ ಪುಟದಲ್ಲಂತೂ ಬೇಡವೇ ಬೇಡ. ಕ್ಯಾಲೆಂಡರ್ ಮುದ್ರಿಸುವ ಆಜ್ಞೆ ಇದೆಯಲ್ಲ, ನೂರಾ ಎಂಟರಲ್ಲಿ? ಅಲ್ಲಿ. ಯಾರ ಕೊಡವೂ ಖಾಲಿಯಾಗದು. ನಾನೂರು ವರ್ಷ ಕಳೆದು ಒಂದು ಬೆಳಿಗ್ಗೆ ನಾನದನ್ನು ಕಂಡುಹಿಡಿದು, ತಿದ್ದಿ, ನೀಲವ್ವನನ್ನು ಕರೆದು ತೋರಿಸುತ್ತೇನೆ.