ಬಾಯಿ ಮೇಲೆ ಬೆರಳು

ಜವಳಗೇರಾ
12 ಡಿಸೆಂಬರ್ 2024

ಗ್ಯಾನಮ್ಮಕ್ಕನಿಗೆ, ನಿಮ್ಮ ಅಮೂಲ್ಯಾಳ ಟೀಚರ್ ನಾಗವೇಣಿ ಮಾಡುವ ನಮಸ್ಕಾರಗಳು.

ನೀವು ನನ್ನ ಫೋನ್ ಎತ್ತುತ್ತಿಲ್ಲ. ಎತ್ತಿರೆಂದು ಕೇಳುವ ಮುಖವೂ ನನಗಿಲ್ಲ, ಅದಕ್ಕೇ ಈ ಪತ್ರ. ನಮ್ಮ ಹೆಡ್‌ಮಾಸ್ತರು ಗೋಪಣ್ಣನವರು ನಾಳೆ ಲಿಂಗಸುಗೂರಿಗೆ ಹೋಗುತ್ತಾರೆ. ಹಾಗೇ ಗುರುಗುಂಟಾಕ್ಕೆ ಹೋಗಿ ನಿಮ್ಮ ತವರುಮನೆಗೆ ಮುಟ್ಟಿಸುತ್ತೇನೆ ಎಂದಿದ್ದಾರೆ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿಯಿರಿ.

ಅಮೂಲ್ಯಾ ಇನ್ನು ಶಾಲೆಗೆ ಬರುವುದಿಲ್ಲ, ಅಜ್ಜಿಯ ಹತ್ತಿರವೇ ಇದ್ದು ಕುರಿ ಕಾಯುತ್ತಾಳೆ ಎಂದು ಹೇಳಿ ಕಳಿಸಿದ್ದೀರಂತೆ. ಎರಡನೇ ತರಗತಿಯ ಮಗು ಅಕ್ಕಾ ಅದು.

ನನ್ನ ಹಾಡಿನ ಪಾಠದ ವಿಷಯ ನಿಮಗೆ ಗೊತ್ತೇ ಇದೆ. ಮಗ್ಗಿ ಹೇಳಿಸಿ ಹೇಳಿಸಿ ಗಂಟಲು ಕಟ್ಟಿದಾಗ ಮೊಬೈಲಿನಲ್ಲಿ ಹಾಡು ಹುಡುಕಿ ಸ್ಪೀಕರಿನಲ್ಲಿ ಹಾಕಲು ಶುರು ಮಾಡಿದೆ. ಮಗ್ಗಿಗೆ ಹಾಡು, ವಾರದ ಹೆಸರುಗಳಿಗೆ ಹಾಡು, ಗಿಡದ ಬೇರು ಕಾಂಡ ಎಲೆಗೂ ಒಂದು ಹಾಡು. ಮಕ್ಕಳು ಕುಣಿದು ಕಲಿತರು, ನನಗೂ ಆರಾಮಾಯಿತು. ಹಾಡಿನ ನಡುವೆ ಜಾಹೀರಾತು ಬಂದರೆ ಗದ್ದಲವೆದ್ದುಬಿಡುತ್ತಿತ್ತು. ಅದಕ್ಕೆ ಒಂದು ನಿಯಮ ಮಾಡಿದೆ: ಹಾಡು ತಿರುಗಿ ಶುರುವಾಗುವ ತನಕ ಎಲ್ಲರೂ ಬಾಯಿ ಮೇಲೆ ಬೆರಳಿಡಬೇಕು. ನಮ್ಮ ತರಗತಿಯ ವಿಡಿಯೊ ಹಾಕಿದಾಗ ಊರೂರಿನ ಶಿಕ್ಷಕರು ನೋಡಿ ಹೊಗಳಿದರು. ಮುಂದಿನ ಸಾಲಿನಲ್ಲಿ ನಗುನಗುತ್ತಾ ಬಾಯಾಡಿಸುವ ಆ ಹುಡುಗಿ ಯಾರು ಎಂದು ಎಲ್ಲರೂ ಕೇಳಿದ್ದು ಅಮೂಲ್ಯಾಳನ್ನೇ. ನನಗೆ ಕೋಡು ಮೂಡಿದವು. ಮಸ್ಕಿಯ ಶಿಕ್ಷಕರ ಸಭೆಯಲ್ಲಿ ಮಕ್ಕಳೊಂದಿಗೆ ಪಾಠ ಮಾಡಿ ತೋರಿಸಲು ಕರೆ ಬಂದಾಗಲಂತೂ ಅವತ್ತೇ ಸಿಂಧನೂರಿಗೆ ಹೋಗಿ ಹೊಸ ಸೀರೆ ತಂದೆ.

ಶನಿವಾರ ಅಲ್ಲಿ ನಡೆದದ್ದನ್ನು ನೀವು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೀರಿ. ಆದರೂ ಬರೆಯುತ್ತೇನೆ, ನನ್ನ ಕೈಯಿಂದಲೇ ಬರೆಯಬೇಕು. ಅಮೂಲ್ಯಾಳ ಕೈಗೆ ಕೋಲು ಕೊಟ್ಟು, ನಾಲ್ಕರ ಮಗ್ಗಿಯ ಪಟದ ಪಕ್ಕ ಸಭೆಯತ್ತ ಮುಖ ಮಾಡಿ ನಿಲ್ಲಿಸಿದೆ. ಉಳಿದ ಮಕ್ಕಳು ಅವಳ ಬೆನ್ನ ಹಿಂದೆ ಇದ್ದರು. ಹಾಡು ಹನ್ನೆರಡಕ್ಕೆ ಬಂದಾಗ ಯಾವುದೋ ಸೋಪಿನ ಜಾಹೀರಾತು ನುಗ್ಗಿತು. ಮಕ್ಕಳೆಲ್ಲ ನಾನು ಕಲಿಸಿದಂತೆ ಬಾಯಿ ಮೇಲೆ ಬೆರಳಿಟ್ಟರು. ಅಮೂಲ್ಯಾ ಮಾತ್ರ ಹದಿನಾರಕ್ಕೆ ಕೋಲಿಟ್ಟಳು, ಇಪ್ಪತ್ತಕ್ಕೆ ಇಟ್ಟಳು, ದನಿಯಿಲ್ಲದೆ ತುಟಿ ಆಡಿಸುತ್ತಲೇ ಹೋದಳು. ಸಭೆಯೆಲ್ಲ ನಕ್ಕಿತು. ತನ್ನ ಆಟ ಮೆಚ್ಚಿದರು ಎಂದುಕೊಂಡು ಅವಳೂ ನಕ್ಕು, ಕೋಲನ್ನು ಇಪ್ಪತ್ತನಾಲ್ಕಕ್ಕೆ ಸರಿಸಿದಳು.

ನಾನೂ ನಕ್ಕೆ ಅಕ್ಕಾ. ಸಭೆ ನಗುತ್ತಿದೆ, ನಾನೊಬ್ಬಳೇ ಮುಖ ಬಿಗಿದುಕೊಂಡರೆ ಪಾಠ ಕೆಟ್ಟಿತೆಂದು ಒಪ್ಪಿಕೊಂಡಂತಾಗುತ್ತದೆ ಎಂದು ನಕ್ಕೆ. ನೀವು ಎದ್ದು ಬಂದು ಮಗುವಿನ ಕೈಯಿಂದ ಕೋಲು ಬಿಡಿಸಿ ಮೇಜಿನ ಮೇಲಿಟ್ಟಿರಿ.

“ನಗೂದು ಮುಗೀತೇನ್ರಿ ಟೀಚರ್?” ಎಂದಿರಿ.

ಅಷ್ಟೇ. ಬೈದಿದ್ದರೆ ಈ ಹೊತ್ತಿಗೆ ಮರೆಯುತ್ತಿದ್ದೆನೇನೋ. ನೀವು ಮಗುವನ್ನು ಕರೆದುಕೊಂಡು ಹೊರಗೆ ಹೋದಿರಿ, ನಾನು ಒಳಗೆ ಉಳಿದು ಹಾಡು ಮುಗಿಸಿದೆ. ಚಪ್ಪಾಳೆಯನ್ನೂ ತೆಗೆದುಕೊಂಡೆ.

ಸೋಮವಾರ ಮಾಸುಂಬಿಯನ್ನು ಹತ್ತಿರ ಕರೆದು ಕೇಳಿದೆ. ಅಮೂಲ್ಯಾಳ ಪಕ್ಕ ಕೂರುವ ಹುಡುಗಿ, ನಿಮಗೆ ಗೊತ್ತು. ಹೆದರಿ ಹೆದರಿ ಹೇಳಿದಳು.

“ಆಕಿಗೆ ಕೇಳಂಗಿಲ್ರಿ ಟೀಚರ್. ನಾ ಆಕಿ ತೊಡಿ ಮ್ಯಾಲ ತಾಳ ಬಡೀತಿದ್ದೆ, ಆಕಿ ನನ್ನ ಬಾಯಿ ನೋಡ್ಕೊಂತ ಬಾಯಿ ಆಡಸ್ತಿದ್ಲು.”

ಮಸ್ಕಿಯಲ್ಲಿ ಆ ಮಾಸುಂಬಿಯನ್ನು ಅಮೂಲ್ಯಾಳ ಪಕ್ಕದಿಂದ ಹಿಂದಿನ ಸಾಲಿಗೆ ಕಳಿಸಿದವಳು ನಾನೇ. ಆಕೆ ಎತ್ತರ, ನೋಡಲು ಸಾಲು ಚೆಂದ ಕಾಣುವುದಿಲ್ಲ ಎಂದು.

ಜೂನ್‌ನಲ್ಲಿ ಶಾಲೆಗೆ ಹೆಸರು ಹಚ್ಚುವಾಗ ಅಮೂಲ್ಯಾಳ ಕಿವಿ ಮಂದ ಎಂದು ನೀವು ನನಗೆ ಹೇಳಿದ್ದಿರೆಂದು ಗೋಪಣ್ಣನವರು ನೆನಪಿಸಿದರು. ಅವತ್ತಿನ ಗದ್ದಲದಲ್ಲಿ ಅದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ನಾಚಿಕೆಯ ಹುಡುಗಿ, ಅದಕ್ಕೇ ದನಿ ಸಣ್ಣದು ಎಂದುಕೊಂಡಿದ್ದೆ. ದಯವಿಟ್ಟು ನಂಬಿರಿ.

ಸ್ಪೀಕರನ್ನು ಕಪಾಟಿನಲ್ಲಿ ಇಟ್ಟಿದ್ದೇನೆ, ವಿಡಿಯೊ ತೆಗೆದುಹಾಕಿದ್ದೇನೆ. ಈಗ ಮಕ್ಕಳ ಕಡೆ ಮುಖ ಮಾಡಿ, ತುಟಿ ಕಾಣುವಂತೆ ಬಾಯಿ ಬಿಟ್ಟು, ಹುಣಸೆಬೀಜ ಜೋಡಿಸಿ ಲೆಕ್ಕ ಹೇಳುತ್ತೇನೆ. ನಾಲ್ಕೇಳಲಿ ಎಷ್ಟು ಎಂದರೆ ಉಳಿದ ಮಕ್ಕಳೂ ಹಾಡನ್ನು ಮೊದಲಿನಿಂದ ಹಾಡಿಕೊಂಡೇ ಅಲ್ಲಿಗೆ ಬರುತ್ತಾರೆ. ಅದೂ ಈಗಷ್ಟೇ ಕಣ್ಣಿಗೆ ಬಿತ್ತು. ಸಿಂಧನೂರಿನ ಕಿವಿ ಡಾಕ್ಟರರ ಹತ್ತಿರ ಮಂಗಳವಾರಕ್ಕೆ ಹೆಸರು ಬರೆಸಿದ್ದೇನೆ. ನೀವು ಒಪ್ಪಿದರೆ ನಾನೂ ಜೊತೆಗೆ ಬರುತ್ತೇನೆ, ಬೇಡವೆಂದರೆ ಬಸ್‌ಸ್ಟ್ಯಾಂಡಿನಲ್ಲೇ ಕೂರುತ್ತೇನೆ. ನನ್ನ ಮೇಲಿನ ಸಿಟ್ಟು ಇರಲಿ, ಅದು ಇರಬೇಕಾದದ್ದೇ. ಆದರೆ ಆ ಸಿಟ್ಟಿಗೆ ಮಗುವಿನ ಶಾಲೆ ಬಿಡಿಸಬೇಡಿ. ಮಾಸುಂಬಿ ಅವಳ ಜಾಗದಲ್ಲಿ ತನ್ನ ಚೀಲ ಇಟ್ಟುಕೊಂಡು ಯಾರನ್ನೂ ಕೂರಗೊಡುತ್ತಿಲ್ಲ.

ನಿಮ್ಮೆದುರು ತಲೆ ಎತ್ತಲಾರದ,
ನಾಗವೇಣಿ

ತಾ.ಕ.: ಪತ್ರ ಮಡಚಿದೆ, ಅಂಟಿಸಲು ಕೈ ಬರಲಿಲ್ಲ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಜೂನ್‌ನಲ್ಲಿ ನೀವು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇರೆ ತಾಯಂದಿರಿಗೆ ತಿಳಿಯಬಾರದೆಂದು ಸೆರಗು ಬಾಯಿಗೆ ಅಡ್ಡ ಹಿಡಿದು, ಮಗುವನ್ನು ಮುಂದೆ ಕೂರಿಸಿರೆಂದು ಹೇಳಿದ್ದಿರಿ. ಮಸ್ಕಿಯಲ್ಲಿ ಯಾರ ಕೈಗೆ ಕೋಲು ಕೊಡಲಿ ಎಂದು ಯೋಚಿಸುವಾಗಲೂ ಅದು ನೆನಪಿತ್ತು. ಬೇರೆ ಯಾರನ್ನು ಮುಂದೆ ನಿಲ್ಲಿಸಿದರೂ ಅವರ ದನಿ ಹಾಡನ್ನು ಬಿಟ್ಟು ಎತ್ತೆತ್ತಲೋ ಹೋಗುತ್ತಿತ್ತು. ಅಮೂಲ್ಯಾಳ ದನಿ ಹೊರಗೆ ಬರುವುದಿಲ್ಲ, ಹಾಡು ಕೆಡುವುದಿಲ್ಲ ಎಂದೇ ಅವಳನ್ನು ಆರಿಸಿದೆ.